ಚಕ್ರ ಉಳಿದಿತ್ತು, ಸೈಕಲ್ ಹೋಗಿತ್ತು

ಪ್ರಶ್ನೆ: ವಾರಕ್ಕೆ ಮೂರು ನಾಲ್ಕು ಸಲ ಸೈಕಲ್ಲಿನಲ್ಲಿ ನಗರದ ನಡುಭಾಗಕ್ಕೆ ಹೋಗುತ್ತೇನೆ. ಬ್ಯಾಂಕು, ಗ್ರಂಥಾಲಯ, ಕಣ್ಣಿನ ವೈದ್ಯರು, ಹೀಗೆ ಸಣ್ಣಪುಟ್ಟ ಕೆಲಸಗಳು. ಎಲ್ಲಿಯೂ ಒಂದೂವರೆ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಕಳೆದ ತಿಂಗಳು ಗ್ರಂಥಾಲಯದ ಮುಂದೆ, ಚಕ್ರ ಸಿಕ್ಕಿಸಿ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಮುಂದಿನ ಚಕ್ರಕ್ಕೆ ಕೇಬಲ್ ಬೀಗ ಹಾಕಿ ಒಳಗೆ ಹೋದೆ. ಇಪ್ಪತ್ತೈದು ನಿಮಿಷ ಬಿಟ್ಟು ಬಂದು ನೋಡಿದರೆ ಬೀಗ ಇತ್ತು, ಚಕ್ರ ಇತ್ತು, ಉಳಿದ ಸೈಕಲ್ ಇರಲಿಲ್ಲ. ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಕ್ಯಾಮೆರಾ. ಕಾವಲುಗಾರ 'ಒಳ್ಳೆಯ ಬೀಗ ತೆಗೆದುಕೊಳ್ಳಬೇಕಿತ್ತು' ಎಂದ. ಗೆಳೆಯರೊಬ್ಬರು ದಪ್ಪ ಸರಪಳಿ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಹಳೆಯ ಡಕೋಟ ಸೈಕಲ್ ಇಟ್ಟುಕೊಳ್ಳಿ ಎನ್ನುತ್ತಾರೆ. ಮನೆಯವರು ಸೈಕಲ್ಲೇ ಬೇಡ ಎನ್ನುತ್ತಿದ್ದಾರೆ. ಯಾರ ಮಾತು ಸರಿ? ಇನ್ನೊಂದು ವಿಷಯ: ನಮ್ಮ ಮಾರುಕಟ್ಟೆ ಬೀದಿಯ ವರ್ತಕರು ಎರಡು ಕಾರುಗಳ ಜಾಗವನ್ನು ಸೈಕಲ್ ನಿಲುಗಡೆಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಅಲ್ಲಿ ಏನು ಹಾಕಿಸಬೇಕೆಂದು ಹೇಳುವ ಸಮಿತಿಯಲ್ಲಿ ನಾನೂ ಇದ್ದೇನೆ. ಕೊನೆಯದಾಗಿ, ಉಳಿದಿರುವ ಆ ಒಂಟಿ ಚಕ್ರ ಮತ್ತು ಬೀಗವನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನಗು ಬರಲಿಲ್ಲ. ಚಕ್ರವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದವರನ್ನು ನಾನು ಬಹಳ ನೋಡಿದ್ದೇನೆ. ಮೊದಲು ರಿಪೇರಿ ಅಂಗಡಿಯಲ್ಲಿ ಕೂತು, ಆಮೇಲೆ ನಗರಗಳಿಗೆ ಸೈಕಲ್ ನಿಲುಗಡೆಯ ನಕ್ಷೆ ಮಾಡುತ್ತಾ ನನ್ನ ಬದುಕು ಕಳೆದಿದೆ. ನಿಮ್ಮಂಥವರು ಅಂಗಡಿಗೆ ಬಂದಾಗ ಮೊದಲು ಹೇಳುವ ಮಾತು 'ನನ್ನದೇ ತಪ್ಪು'. ನಿಮ್ಮ ಪತ್ರದಲ್ಲೂ ಆ ದನಿ ಇದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾವಲುಗಾರನ ಮಾತು ಅರ್ಧ ಮಾತ್ರ ಸರಿ. ನಿಮ್ಮ ಬೀಗವನ್ನು ಕಳ್ಳ ಮುಟ್ಟಿಯೇ ಇಲ್ಲ. ಜಗತ್ತಿನ ಅತ್ಯಂತ ಬಲವಾದ ಬೀಗವನ್ನು ನೀವು ಅದೇ ಚಕ್ರಕ್ಕೆ ಹಾಕಿದ್ದರೂ ಅದು ಆ ಚಕ್ರವನ್ನೇ ಭದ್ರವಾಗಿ ಕಾಯುತ್ತಿತ್ತು. ಸೈಕಲ್ ಹೋಗುತ್ತಲೇ ಇತ್ತು. ಏಕೆಂದರೆ ಆ ಸ್ಟ್ಯಾಂಡಿನಲ್ಲಿ ಬೀಗ ತಲುಪುವುದು ಚಕ್ರದವರೆಗೆ ಮಾತ್ರ. ಫ್ರೇಮನ್ನು ಕಟ್ಟೋಣವೆಂದರೆ ಹತ್ತಿರದಲ್ಲಿ ಏನೂ ಇಲ್ಲ. ಬೀಗ ಎನ್ನುವುದು ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ. ಅದು ಕೊಂಡಿ ಮಾತ್ರ, ಅದರ ಇನ್ನೊಂದು ತುದಿಯಲ್ಲಿ ನೆಲಕ್ಕೆ ಊರಿದ ಕಂಬವೊಂದು ಬೇಕು. ಬೀಗದ ಅರ್ಧ ನಿಮ್ಮ ಜೇಬಿನದು, ಇನ್ನರ್ಧ ಜಾಗದ ಒಡೆಯರದು. ಗ್ರಂಥಾಲಯದವರು ತಮ್ಮ ಅರ್ಧವನ್ನು ಕೊಟ್ಟಿರಲಿಲ್ಲ.

ಚಕ್ರವನ್ನು ಫ್ರೇಮಿನಿಂದ ಬಿಡಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ಕೇಳಬಹುದು. ನಿಮ್ಮ ಸೈಕಲ್ಲಿನ ಮುಂದಿನ ಅಚ್ಚಿಗೆ ನಟ್ಟಿನ ಬದಲು ಮಡಚುವ ಸಣ್ಣ ಹಿಡಿ ಇದ್ದಿರಬೇಕು. ಅಂಗಡಿಯವರು ಕ್ವಿಕ್ ರಿಲೀಸ್ ಎಂದು ಹೆಮ್ಮೆಯಿಂದ ತೋರಿಸುವುದು ಅದನ್ನೇ. ಇಟಲಿಯ ಟುಲ್ಲಿಯೊ ಕಂಪಾನ್ಯೊಲೊ ಎಂಬ ಪಂದ್ಯದ ಸವಾರ 1930ರ ಸುಮಾರಿಗೆ ರೂಪಿಸಿದ ಸಾಧನವದು. ಪರ್ವತದ ಚಳಿಯಲ್ಲಿ ಬೆರಳು ಮರಗಟ್ಟಿ ಚಕ್ರದ ನಟ್ಟು ಬಿಚ್ಚಲಾಗದೆ ಪಂದ್ಯ ಸೋತ ಮೇಲೆ ಅವನಿಗೆ ಇದು ಹೊಳೆಯಿತೆಂಬ ಕಥೆಯಿದೆ. ಪಂದ್ಯದ ಸವಾರನಿಗೆ ವರವಾದದ್ದು ಪೇಟೆಗೆ ಹೋಗಿ ಬರುವವರಿಗೆ ಏಕೆ ಬಂತೋ ನನಗೆ ಇಂದಿಗೂ ಅರ್ಥವಾಗಿಲ್ಲ. ಹಿಡಿಯನ್ನು ತಿರುಗಿಸಿ, ಎರಡು ಸುತ್ತು ಸಡಿಲಿಸಿ, ಫ್ರೇಮನ್ನು ಎತ್ತಿದರೆ ಮುಗಿಯಿತು. ಹತ್ತು ಸೆಕೆಂಡಿನ ಕೆಲಸ. ಆಮೇಲೆ ಆ ಮನುಷ್ಯ ಪಕ್ಕದಲ್ಲಿ ಇನ್ನೊಂದು ಸೈಕಲ್ಲಿನ ಮುಂದಿನ ಚಕ್ರ ಕಳಚಿ ಇದಕ್ಕೆ ಸಿಕ್ಕಿಸಿಕೊಂಡು ಹತ್ತಿ ಹೋಗಿದ್ದರೂ ಆಶ್ಚರ್ಯವಿಲ್ಲ.

ನಿಮಗೆ ಹೆಚ್ಚು ನೋವಾಗಿರುವುದು 'ಬರೀ ಇಪ್ಪತ್ತೈದು ನಿಮಿಷ' ಮತ್ತು 'ಮಟಮಟ ಮಧ್ಯಾಹ್ನ' ಎಂಬ ಎರಡು ಸಂಗತಿಗಳಿಂದ. ನಾವೆಲ್ಲ ಹಾಗೆಯೇ ಲೆಕ್ಕ ಹಾಕುತ್ತೇವೆ: ಸ್ವಲ್ಪ ಹೊತ್ತು ತಾನೇ, ಏನಾಗುತ್ತದೆ? ಆದರೆ ನಿಮ್ಮ ಗಡಿಯಾರ ಬೇರೆ, ಕಳ್ಳನ ಗಡಿಯಾರ ಬೇರೆ. ತೆಳ್ಳನೆಯ ಕೇಬಲ್ ಬೀಗವನ್ನು ಅಂಗಿಯೊಳಗೆ ಅಡಗುವ ಕಟ್ಟರಿನಿಂದ ಕತ್ತರಿಸಲು ಕೆಲವೇ ಸೆಕೆಂಡು ಸಾಕು. ಅವನಿಗೆ ಇಪ್ಪತ್ತೈದು ನಿಮಿಷವೆಂದರೆ ಧಾರಾಳ. ಇನ್ನು ಹಗಲಿನ ಮಾತು. ಮನೆಗೆ ಕನ್ನ ಹಾಕುವವನು ಕಿಟಕಿ ಏರುತ್ತಿದ್ದರೆ ನೋಡಿದವರು ಕೂಗಿಕೊಳ್ಳುತ್ತಾರೆ. ಸೈಕಲ್ಲಿನ ಪಕ್ಕ ಕೂತು ಬೀಗದ ಜೊತೆ ಗುದ್ದಾಡುವವನನ್ನು ನೋಡಿದರೆ 'ಪಾಪ, ಕೀಲಿ ಕಳೆದಿರಬೇಕು' ಎಂದುಕೊಂಡು ಮುಂದೆ ಹೋಗುತ್ತಾರೆ. ಕದ್ದ ಮಾಲೇ ವಾಹನವಾಗಿ ಅವನನ್ನು ಅಲ್ಲಿಂದ ಸಾಗಿಸುತ್ತದೆ. ವೇಷ ಹಾಕದೆ ಮಾಡಬಹುದಾದ ಕಳ್ಳತನವೆಂದರೆ ಇದು. ಅದಕ್ಕೆ ಹಗಲೇ ಒಳ್ಳೆಯದು, ಏಕೆಂದರೆ ಸೈಕಲ್ಲುಗಳು ನಗರದ ನಡುವೆ ನಿಂತಿರುವುದು ಹಗಲಿನಲ್ಲಿ.

ಕ್ಯಾಮೆರಾದ ವಿಚಾರದಲ್ಲಿ ಜನರಿಗೆ ಇರುವಷ್ಟು ನಂಬಿಕೆ ನನಗಿಲ್ಲ. ಯಾರೂ ಪರದೆಯ ಮುಂದೆ ಕೂತು ನೋಡದ ಕ್ಯಾಮೆರಾ ಕಳ್ಳತನವನ್ನು ತಡೆಯುವುದಿಲ್ಲ, ದಾಖಲಿಸುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಟೊಪ್ಪಿಗೆ ಹಾಕಿಕೊಂಡವನೊಬ್ಬ ಸೈಕಲ್ ತಳ್ಳಿಕೊಂಡು ಹೋಗುವ ಮಸುಕು ಚಿತ್ರವನ್ನು ಇಟ್ಟುಕೊಂಡು ಯಾರೂ ಅವನನ್ನು ಹುಡುಕುವುದಿಲ್ಲ.

ಹಾಗೆಂದು ಕಣ್ಣಿಗೆ ಶಕ್ತಿಯಿಲ್ಲ ಎನ್ನಲಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿಶ್ವವಿದ್ಯಾಲಯದ ಆವರಣದಲ್ಲಿ ಕಳ್ಳತನ ಹೆಚ್ಚಿದ್ದ ಮೂರು ಸೈಕಲ್ ನಿಲ್ದಾಣಗಳಲ್ಲಿ ಅವರು ದಿಟ್ಟಿಸುವ ಎರಡು ಕಣ್ಣುಗಳ ದೊಡ್ಡ ಚಿತ್ರವನ್ನೂ 'ಸೈಕಲ್ ಕಳ್ಳರೇ, ನಿಮ್ಮನ್ನು ನೋಡುತ್ತಿದ್ದೇವೆ' ಎಂಬ ಅರ್ಥದ ಮಾತನ್ನೂ ಹಾಕಿದರು. ಅಲ್ಲಿ ಕಳ್ಳತನ ಶೇ 62ರಷ್ಟು ಇಳಿಯಿತು. ಕೇಳಲು ಎಷ್ಟು ಸೊಗಸು! ಆದರೆ ಅದೇ ಆವರಣದಲ್ಲಿ ಕಣ್ಣಿಲ್ಲದ ಜಾಗಗಳಲ್ಲಿ ಕಳ್ಳತನ ಶೇ 65ರಷ್ಟು ಏರಿತು. ಕಳ್ಳ ಕೆಲಸ ಬಿಡಲಿಲ್ಲ, ಜಾಗ ಬದಲಿಸಿದ. ನಿಮ್ಮ ಸಮಿತಿಯಲ್ಲಿ ಯಾರಾದರೂ 'ಒಂದು ಫಲಕ ಹಾಕಿದರೆ ಸಾಕು' ಎಂದರೆ ಈ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಹೇಳಿ. ಫಲಕ ಅಗ್ಗ, ಹಾಕಿ. ಆದರೆ ಪಕ್ಕದ ಬೀದಿಯವರ ಶಾಪ ನಿಮಗೆ ತಟ್ಟುತ್ತದೆ.

ಈಗ ಬೀಗಕ್ಕೆ ಬರೋಣ. ನಿಮ್ಮ ಗೆಳೆಯರ ಸರಪಳಿಯ ಸಲಹೆ ತಪ್ಪಲ್ಲ. ಆದರೆ ಸಣ್ಣ ಸಣ್ಣ ಕೆಲಸಗಳಿಗೆ ದಿನವಿಡೀ ಹೊತ್ತು ತಿರುಗುವವರಿಗೆ ಅದು ಭಾರ. ಭಾರವಾದ ಬೀಗ ಮನೆಯಲ್ಲೇ ಉಳಿದುಬಿಡುತ್ತದೆ ಎನ್ನುವುದು ನನ್ನ ಅನುಭವ. ನಿಮಗೆ ಹೊಂದುವುದು ಗಟ್ಟಿ ಉಕ್ಕಿನ ಯು-ಲಾಕ್, ಅಂದರೆ ಯು ಆಕಾರದ ಕಂಬಿಯ ತೆರೆದ ಬಾಯಿಗೆ ಅಡ್ಡಪಟ್ಟಿ ಕೂರುವ ಬೀಗ, ಕೆಲವರು ಡಿ-ಲಾಕ್ ಎನ್ನುತ್ತಾರೆ. ಅದರ ಕಂಬಿ 13 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಬೇಡ. 16 ಮಿಲಿಮೀಟರ್ ದಾಟಿದರೆ ಕೈಯಿಂದ ಒತ್ತುವ ಯಾವ ಕಟ್ಟರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಬ್ರಿಟನ್ನಿನಲ್ಲಿ 1992ರಲ್ಲಿ ಆರಂಭವಾದ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಕಳ್ಳರ ಉಪಕರಣಗಳನ್ನೇ ಹಿಡಿದು ಬೀಗಗಳನ್ನು ಪರೀಕ್ಷಿಸಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ನೆದರ್ಲೆಂಡ್ಸಿನಲ್ಲಿ ಎಆರ್‌ಟಿ ಎಂಬ ಗುರುತಿದೆ, ಅದು ನಕ್ಷತ್ರಗಳ ಲೆಕ್ಕ. ಬೀಗದ ಡಬ್ಬಿಯ ಮೇಲೆ ತಯಾರಕರೇ ಬರೆದುಕೊಂಡ '10ರಲ್ಲಿ 9' ಎಂಬ ಅಂಕಕ್ಕಿಂತ ಇಂಥ ಹೊರಗಿನ ಪರೀಕ್ಷೆಯ ಗುರುತನ್ನು ನಂಬಿ. ತಮ್ಮ ಮಗುವಿಗೆ ತಾವೇ ಕೊಡುವ ಅಂಕಕ್ಕೆ ಬೆಲೆ ಎಷ್ಟು?

ಮತ್ತೆ, ಅಳತೆಯಲ್ಲಿ ಸಣ್ಣದನ್ನೇ ಆರಿಸಿ. ದೊಡ್ಡ ಯು-ಲಾಕ್ ಬಳಸಲು ಸುಲಭ, ಆದರೆ ಅದರೊಳಗೆ ಉಳಿಯುವ ಖಾಲಿ ಜಾಗದಲ್ಲಿ ಕಳ್ಳ ಸಲಾಕೆ ತೂರಿಸಿ ಮೀಟುತ್ತಾನೆ, ಇಲ್ಲವೇ ಸಣ್ಣ ಜಾಕ್ ಇಟ್ಟು ಅಗಲಿಸುತ್ತಾನೆ. ಫ್ರೇಮು, ಚಕ್ರ, ಕಂಬ ಮೂರೂ ಸೇರಿ ಬೀಗದ ಹೊಟ್ಟೆ ತುಂಬಿರಬೇಕು. ಕೀಲಿಯ ತೂತು ಕೆಳಮುಖವಾಗಿರಲಿ, ಬೀಗ ನೆಲಕ್ಕೆ ತಾಗದಿರಲಿ. ನೆಲವನ್ನೇ ಅಡಿಗಲ್ಲಾಗಿಸಿಕೊಂಡು ಸುತ್ತಿಗೆಯಿಂದ ಬಡಿಯುವವರಿದ್ದಾರೆ.

ಯಾವ ಚಕ್ರವನ್ನು ಸೇರಿಸಿ ಕಟ್ಟಬೇಕು? ಹಿಂದಿನದನ್ನು. ಗೇರು, ಹಬ್ಬು ಎಲ್ಲ ಇರುವುದರಿಂದ ಅದೇ ದುಬಾರಿ. ಷೆಲ್ಡನ್ ಬ್ರೌನ್ ಎಂಬ ಅಮೆರಿಕದ ಸೈಕಲ್ ಮೆಕ್ಯಾನಿಕ್ ಒಂದು ಉಪಾಯವನ್ನು ಪ್ರಚಾರ ಮಾಡಿದ್ದರು: ಸಣ್ಣ ಯು-ಲಾಕನ್ನು ಹಿಂದಿನ ಚಕ್ರವನ್ನು ಹಿಡಿದಿರುವ ಫ್ರೇಮಿನ ತ್ರಿಕೋನದ ಒಳಗೆ, ಆ ಚಕ್ರದ ರಿಮ್ಮಿಗೆ ಹಾಕಿ ಕಂಬಕ್ಕೆ ಸೇರಿಸಿದರೆ ಸಾಕು, ಫ್ರೇಮಿನ ಕೊಳವೆಯನ್ನು ಬೀಗ ಸುತ್ತುವರಿಯದಿದ್ದರೂ ಚಕ್ರ ಆ ತ್ರಿಕೋನದಿಂದ ಹೊರಬರಲಾರದು. ಲೆಕ್ಕ ಸರಿಯಾಗಿದೆ. ರಿಮ್ಮನ್ನೇ ಗರಗಸದಿಂದ ಕೊಯ್ಯುವ ಹಟಮಾರಿ ಸಿಕ್ಕರೆ ಮಾತ್ರ ಅದು ಸೋಲುತ್ತದೆ. ಜಾಗ ಹಿಡಿಸಿದರೆ ನಾನು ಫ್ರೇಮಿನ ಕೊಳವೆಯನ್ನೂ ಸೇರಿಸಿಯೇ ಹಾಕುತ್ತೇನೆ. ಮುಂದಿನ ಚಕ್ರಕ್ಕೆ ಎರಡು ದಾರಿ. ಒಂದು, ಕೇಬಲ್ಲನ್ನು ಅದರೊಳಗಿಂದ ಹಾಯಿಸಿ ಯು-ಲಾಕಿಗೆ ಸೇರಿಸುವುದು. ಇನ್ನೊಂದು, ಆ ಹಿಡಿಯನ್ನು ಕಿತ್ತು ಅಲೆನ್ ಕೀ ಅಥವಾ ವಿಶೇಷ ಕೀಲಿ ಬೇಡುವ ಅಚ್ಚನ್ನು ಹಾಕಿಸುವುದು. ಅಲೆನ್ ಕೀ ಎಲ್ಲರ ಬಳಿಯೂ ಇರುತ್ತದೆ ಎಂದು ವಾದಿಸಬಹುದು. ನಿಜ, ಆದರೆ ನಿಮ್ಮ ಪಕ್ಕದ ಸೈಕಲ್ಲಿನಲ್ಲಿ ಹಿಡಿಯೇ ಇದ್ದರೆ ಯಾರು ಕೀ ಹುಡುಕುತ್ತಾರೆ? ಸೀಟಿನ ಕಂಬಕ್ಕೂ ಇದೇ ಮಾತು.

ಇಷ್ಟೆಲ್ಲ ಮಾಡಿದ ಮೇಲೂ ಮುರಿಯಲಾಗದ ಬೀಗವಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಆಟ ಇದು. 2004ರಲ್ಲಿ ಕೊಳವೆಯಾಕಾರದ ಕೀಲಿಯ ಯು-ಲಾಕುಗಳನ್ನು ಅಗ್ಗದ ಬಾಲ್‌ಪಾಯಿಂಟ್ ಪೆನ್ನಿನ ಹಿಂಬದಿಯನ್ನು ತುರುಕಿ ತಿರುಗಿಸಿದರೆ ತೆರೆಯಬಹುದೆಂಬುದು ಜಗಜ್ಜಾಹೀರಾಯಿತು. ಕ್ರಿಪ್ಟೊನೈಟ್ ಕಂಪನಿ ಲಕ್ಷಗಟ್ಟಲೆ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಆ ದಾರಿ ಮುಚ್ಚಿತು. ಈಗಿನ ತಲೆನೋವು ಬ್ಯಾಟರಿಯಿಂದ ನಡೆಯುವ, ಲೋಹ ಕೊಯ್ಯುವ ಕೈ ಗ್ರೈಂಡರ್. ಚೀಲದಲ್ಲಿ ಅಡಗುತ್ತದೆ, ಸಾಮಾನ್ಯ ಯು-ಲಾಕನ್ನು ಒಂದೆರಡು ನಿಮಿಷದಲ್ಲಿ ಕತ್ತರಿಸುತ್ತದೆ. ಇದಕ್ಕೆ ಉತ್ತರವಾಗಿ ಗ್ರೈಂಡರಿನ ತಟ್ಟೆಯನ್ನೇ ಸವೆಸಿಬಿಡುವ ಮಿಶ್ರವಸ್ತುವಿನ ಬೀಗಗಳು ಬಂದಿವೆ. ಬೆಲೆ ಹೆಚ್ಚು, ತೂಕವೂ ಇದೆ. ಬ್ಯಾಟರಿ ಮೋಟಾರಿನ ಸೈಕಲ್ ಇರುವವರಿಗೆ ಕೊಳ್ಳಿ ಎನ್ನುತ್ತೇನೆ. ಅರ್ಧ ಗಂಟೆಯ ಕೆಲಸಕ್ಕೆ ಸಾಧಾರಣ ಸೈಕಲ್ ತರುವ ನಿಮಗೆ ಅದು ಅತಿ ಎನಿಸುತ್ತದೆ. ಗ್ರೈಂಡರ್ ಕಿರುಚುತ್ತದೆ, ಕಿಡಿ ಹಾರಿಸುತ್ತದೆ. ಜನರ ನಡುವೆ ಅದನ್ನು ಹೊರತೆಗೆಯಲು ಮುಂದೆ ಒಳ್ಳೆಯ ಮಾಲೇ ಇರಬೇಕು.

ಡಕೋಟ ಸೈಕಲ್ಲಿನ ಸಲಹೆ ಕೊಟ್ಟ ಗೆಳೆಯರು ಬುದ್ಧಿವಂತರು, ಆದರೆ ಅವರ ಕಾರಣ ತಪ್ಪು. ಹಳೆಯದನ್ನು ಯಾರೂ ಕದಿಯುವುದಿಲ್ಲ ಎಂಬುದು ಸುಳ್ಳು. ಬೆಲೆಗಿಂತ ಸುಲಭವೇ ಮುಖ್ಯವಾದ ಕಳ್ಳರೂ ಇದ್ದಾರೆ, ಬಸ್ಸು ತಪ್ಪಿತೆಂದು ಬೀಗವಿಲ್ಲದ ಸೈಕಲ್ ಹತ್ತಿ ಮನೆಗೆ ಹೋಗಿ ಮೂಲೆಯಲ್ಲಿ ಬಿಸಾಡುವವರೂ ಇದ್ದಾರೆ. ಹಳೆಯದರ ಲಾಭವೆಂದರೆ ಹೋದರೆ ಕಡಿಮೆ ಹೋಗುತ್ತದೆ, ಅಷ್ಟೇ. ನಿದ್ದೆ ಕೆಡುವುದಿಲ್ಲ. ಆದರೆ ಬ್ರೇಕು ಸರಿಯಿಲ್ಲದ ಸೈಕಲ್ಲಿನಲ್ಲಿ ಬಸ್ಸುಗಳ ನಡುವೆ ಹೋಗುವುದಕ್ಕಿಂತ ಕಳ್ಳನ ಭಯವೇ ಲೇಸು. ಹಳೆಯದು ಎಂದರೆ ಬಣ್ಣ ಹೋದದ್ದು ಇರಲಿ, ಬ್ರೇಕು ಹೋದದ್ದು ಬೇಡ.

ಒಳ್ಳೆಯ ಸ್ಟ್ಯಾಂಡು ಕಾಣದಿದ್ದಾಗ ನಾವೆಲ್ಲ ಮಾಡುವುದು ಒಂದೇ, ಸಿಕ್ಕಿದ ಕಂಬಕ್ಕೆ ಕಟ್ಟುವುದು. ಕಟ್ಟುವ ಮುಂಚೆ ತಲೆಯೆತ್ತಿ ನೋಡಿ, ಆಮೇಲೆ ಕಂಬವನ್ನು ಹಿಡಿದು ಜೋರಾಗಿ ಅಲುಗಾಡಿಸಿ. ಗಿಡ್ಡ ಕಂಬವಾದರೆ ಸೈಕಲ್ಲನ್ನು ಬೀಗ ಸಮೇತ ಮೇಲೆತ್ತಿ ತೆಗೆಯಬಹುದು. ಸಂಚಾರ ಫಲಕದ ಕಂಬಗಳಲ್ಲಿ ಬುಡದ ಬೋಲ್ಟು ಮೊದಲೇ ಬಿಚ್ಚಿಟ್ಟು, ಯಾರಾದರೂ ಕಟ್ಟಿ ಹೋಗಲಿ ಎಂದು ಕಾಯುವವರಿದ್ದಾರೆ. ಎಳೆಯ ಮರ ಬೇಡವೇ ಬೇಡ, ಬೀಗದ ಉಜ್ಜಾಟಕ್ಕೆ ತೊಗಟೆ ಸುಲಿದು ಮರ ಸಾಯುತ್ತದೆ. ಇಳಿಜಾರು ದಾರಿಯ ಕಂಬಿಗೆ ಕಟ್ಟಿದರೆ ಗಾಲಿಕುರ್ಚಿಯವರ ಕೈ ಹಿಡಿತ ತಪ್ಪುತ್ತದೆ. ಇನ್ನೊಂದು ಕುಟಿಲ ಉಪಾಯ ನಿಮಗೆ ಗೊತ್ತಿರಲಿ: ನಿಮ್ಮ ಬೀಗದ ಪಕ್ಕ ಕಳ್ಳ ತನ್ನದೂ ಒಂದು ಬೀಗ ಹಾಕಿ ಹೋಗುತ್ತಾನೆ. ಸೈಕಲ್ ಬಿಡಿಸಲಾಗದೆ ನೀವು ಅಲ್ಲೇ ಬಿಟ್ಟು ಮನೆಗೆ ಹೋಗುತ್ತೀರಿ. ರಾತ್ರಿ ಅವನು ನಿಧಾನವಾಗಿ ಬರುತ್ತಾನೆ. ಹಾಗೇನಾದರೂ ಆದರೆ ಸೈಕಲ್ ಬಿಟ್ಟು ಕದಲಬೇಡಿ, ಕಟ್ಟಡದವರನ್ನೋ ಪೊಲೀಸರನ್ನೋ ಕರೆದು ಆ ಬೀಗವನ್ನು ಅಲ್ಲೇ ಕತ್ತರಿಸಲು ಹೇಳಿ.

ಕಾವಲು ಇರುವ ನಿಲುಗಡೆ ಇಷ್ಟಕ್ಕೆಲ್ಲ ಪರಿಹಾರವಲ್ಲವೇ ಎಂದು ಕೇಳುವವರಿದ್ದಾರೆ. ನೆದರ್ಲೆಂಡ್ಸಿನ ಉತ್ರೆಕ್ಟ್ ರೈಲು ನಿಲ್ದಾಣದ ಕೆಳಗೆ ಸುಮಾರು 12,500 ಸೈಕಲ್ಲುಗಳಿಗೆ ಜಾಗವಿದೆ. 2019ರಲ್ಲಿ ಅದು ಪೂರ್ತಿಯಾಯಿತು. ಒಳಗೆ ಸೈಕಲ್ ತುಳಿದುಕೊಂಡೇ ಹೋಗಬಹುದು, ಮೊದಲ 24 ಗಂಟೆ ಉಚಿತ. ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದ ಮುಂದೆ 2023ರಲ್ಲಿ ನೀರಿನ ಕೆಳಗೆ ಸುಮಾರು 7,000 ಸೈಕಲ್ಲುಗಳ ನಿಲುಗಡೆ ತೆರೆಯಿತು. ಜಪಾನಿನಲ್ಲಿ ಗಿಕೆನ್ ಎಂಬ ಕಂಪನಿ ನೆಲದೊಳಗೆ ಬಾವಿಯಂಥ ಯಂತ್ರ ಇಳಿಸಿದೆ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಗುಂಡಿ ಒತ್ತಿದರೆ ಅದು ತಾನೇ ಕೆಳಗೆ ಒಯ್ದು ಇಡುತ್ತದೆ, ಒಂದು ಬಾವಿಗೆ 204 ಸೈಕಲ್. ನೋಡಿದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನನಗೂ ಇಷ್ಟ. ಆದರೆ ಇವು ದಿನವಿಡೀ ಸೈಕಲ್ ಬಿಟ್ಟು ರೈಲು ಹತ್ತುವವರಿಗೆ ಚೆನ್ನು. ಬ್ಯಾಂಕಿನಲ್ಲಿ ಹತ್ತು ನಿಮಿಷದ ಕೆಲಸವಿರುವವರು ನೆಲಮಾಳಿಗೆಗೆ ಇಳಿದು, ಜಾಗ ಹುಡುಕಿ, ಮೇಲೆ ಹತ್ತಿ ಬರುವುದಿಲ್ಲ, ಬಾಗಿಲ ಪಕ್ಕದ ಕಂಬಿಯನ್ನೇ ಹುಡುಕುತ್ತಾರೆ. ಕಾವಲುಗಾರನಿರುವ ಸಣ್ಣ ನಿಲುಗಡೆಗಳು, ಟೋಕನ್ ಕೊಟ್ಟು ಸೈಕಲ್ ಒಪ್ಪಿಸುವಂಥವು, ಮಾರುಕಟ್ಟೆಯ ನಡುವೆಯೇ ಇದ್ದರೆ ಚೆನ್ನಾಗಿ ನಡೆಯುತ್ತವೆ. ಎರಡು ವಿಷಯ ಮೊದಲೇ ಕೇಳಿಕೊಳ್ಳಿ: ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ, ಕಳೆದುಹೋದರೆ ಹೊಣೆ ಯಾರದು.

ಕಾರ್ಡು ತೋರಿಸಿ ಹೋಗುವ ಬೀಗ ಹಾಕಿದ ಕೊಠಡಿಗಳನ್ನು ನಾನು ಸ್ವಲ್ಪ ಅನುಮಾನದಿಂದ ನೋಡುತ್ತೇನೆ. ಮುಂದೆ ಹೋಗುವವರು ಹಿಂದೆ ಬರುವವರಿಗೆ ಸೌಜನ್ಯದಿಂದ ಬಾಗಿಲು ಹಿಡಿದುಕೊಳ್ಳುತ್ತಾರೆ, ಹಿಂದೆ ಬಂದವನು ಯಾರೋ. ಒಳಗೆ ಸೇರಿದ ಮೇಲೆ ಅವನಿಗೆ ಹೊರಗಿನ ಕಣ್ಣುಗಳ ಕಾಟವಿಲ್ಲ. ಭದ್ರ ಕೊಠಡಿ ಎಂಬ ನಂಬಿಕೆಯಿಂದ ಜನ ಒಳಗೆ ಬೀಗವನ್ನೂ ಹಾಕಿರುವುದಿಲ್ಲ. ಬಳಸುವುದಾದರೆ ಬೀದಿಯಲ್ಲಿ ಹಾಕುವಂತೆಯೇ ಅಲ್ಲೂ ಬೀಗ ಹಾಕಿ. ಒಬ್ಬರಿಗೆ ಒಂದರಂತೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮುಚ್ಚಿದ ಪೆಟ್ಟಿಗೆಗಳು ಇದಕ್ಕಿಂತ ಎಷ್ಟೋ ವಾಸಿ, ಚೀಲ, ದೀಪ, ಹೆಲ್ಮೆಟ್ ಎಲ್ಲವನ್ನೂ ಒಳಗೇ ಬಿಡಬಹುದು. ಆದರೆ ಜಾಗ ತಿನ್ನುತ್ತವೆ, ಒಳಗೇನಿದೆಯೋ ಎಂಬ ಭಯಕ್ಕೆ ಕಟ್ಟಡದವರು ಒಪ್ಪುವುದು ಕಷ್ಟ.

ಈಗ ನಿಮ್ಮ ಸಮಿತಿಯ ವಿಷಯ. ಇದರಲ್ಲಿ ನನಗೆ ಆಸಕ್ತಿ ಹೆಚ್ಚು, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಸೈಕಲ್ ಕಳೆದ ಬಗೆಯ ಸ್ಟ್ಯಾಂಡನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಒಪ್ಪಬೇಡಿ. ಅದರಲ್ಲಿ ಚಕ್ರ ಮಾತ್ರ ಸಿಕ್ಕಿಕೊಂಡು ಇಡೀ ಸೈಕಲ್ಲಿನ ಭಾರ ಅದರ ಮೇಲೆ ಬೀಳುತ್ತದೆ. ಯಾರಾದರೂ ತಾಗಿದರೆ ರಿಮ್ ಸೊಟ್ಟಗಾಗುತ್ತದೆ. ಸೈಕಲ್ ಕಾಯಬೇಕಾದ ಸ್ಟ್ಯಾಂಡೇ ಸೈಕಲ್ ಕೆಡಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಲೆಯಂತೆ ಬಳುಕುವ ಉದ್ದ ಕೊಳವೆಯದೂ ಅಷ್ಟೇ. ಚಿತ್ರದಲ್ಲಿ ಏಳು ಸೈಕಲ್ ಹಿಡಿಸುತ್ತದೆ ಎನ್ನುತ್ತಾರೆ, ಹ್ಯಾಂಡಲ್ಲುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮೂರಕ್ಕೆ ಮುಗಿಯುತ್ತದೆ. ಅಮೆರಿಕದ ಎಪಿಬಿಪಿ ಎಂಬ, ಪಾದಚಾರಿ ಮತ್ತು ಸೈಕಲ್ ಸೌಕರ್ಯದ ವೃತ್ತಿಪರರ ಸಂಘದ ಕೈಪಿಡಿಯೂ ಈ ಎರಡು ಬಗೆಗಳನ್ನು ದೂರವಿಡಿ ಎನ್ನುತ್ತದೆ. ಅದು ಹೇಳುವ ಕಸೋಟಿ ಸರಳ: ಸ್ಟ್ಯಾಂಡು ಸೈಕಲ್ಲನ್ನು ಚಕ್ರಕ್ಕೆ ನೋವಾಗದಂತೆ ನೆಟ್ಟಗೆ ನಿಲ್ಲಿಸಬೇಕು, ಫ್ರೇಮು ಮತ್ತು ಕನಿಷ್ಠ ಒಂದು ಚಕ್ರಕ್ಕೆ ಒಟ್ಟಾಗಿ ಯು-ಲಾಕ್ ಹಾಕಲು ಬರಬೇಕು.

ಆ ಕಸೋಟಿಯಲ್ಲಿ ಗೆಲ್ಲುವುದು ತಲೆಕೆಳಗಾದ ಯು ಆಕಾರದ ಸಾದಾ ಕೊಳವೆ. ಇಂಗ್ಲೆಂಡಿನ ನಗರದ ಹೆಸರಿನಿಂದ ಅದನ್ನು ಶೆಫೀಲ್ಡ್ ಸ್ಟ್ಯಾಂಡ್ ಎಂದು ಕರೆಯುತ್ತಾರೆ. ಸುಮಾರು 75 ಸೆಂಟಿಮೀಟರ್ ಎತ್ತರ, ಒಂದಕ್ಕೆ ಎರಡು ಸೈಕಲ್, ಎಡಕ್ಕೊಂದು ಬಲಕ್ಕೊಂದು. ಒಂದರಿಂದ ಇನ್ನೊಂದಕ್ಕೆ ಒಂದು ಮೀಟರ್ ಅಂತರ ಬಿಡಿಸಿ. ಗುತ್ತಿಗೆದಾರರು ಇದನ್ನು 60 ಸೆಂಟಿಮೀಟರಿಗೆ ಇಳಿಸಲು ನೋಡುತ್ತಾರೆ, ಕಾಗದದ ಮೇಲೆ ಸಂಖ್ಯೆ ಹೆಚ್ಚುತ್ತದೆ, ಬೀದಿಯಲ್ಲಿ ಒಂದು ಬದಿ ಖಾಲಿ ಉಳಿಯುತ್ತದೆ. ಗೋಡೆಗೆ ತೀರ ಹತ್ತಿರ ಹಾಕಿದರೆ ಚಕ್ರ ಹಿಡಿಸದೆ ಸೈಕಲ್ ಓರೆಯಾಗಿ ದಾರಿಗೆ ಚಾಚುತ್ತದೆ. ಕೆಳಗೆ ಒಂದು ಅಡ್ಡಕಂಬಿ ಇರಲಿ, ಮಕ್ಕಳ ಸೈಕಲ್ಲಿಗೆ ಅದು ಬೇಕು, ದೃಷ್ಟಿಯಿಲ್ಲದವರ ಊರುಗೋಲಿಗೂ ಅದು ಸಿಗುತ್ತದೆ. ಕೊನೆಯ ಸ್ಟ್ಯಾಂಡಿನ ಪಕ್ಕ ಅಗಲ ಜಾಗ ಬಿಟ್ಟರೆ ಸಾಮಾನು ಸಾಗಿಸುವ ಉದ್ದ ಸೈಕಲ್ಲು, ಮೂರು ಚಕ್ರದ್ದು ನಿಲ್ಲಬಹುದು. ಈ ಲೆಕ್ಕದಲ್ಲಿ ಒಂದು ಕಾರಿನ ಜಾಗಕ್ಕೆ ಹತ್ತು ಸೈಕಲ್ ಸುಮಾರು. ವರ್ತಕರಿಗೆ ಇದನ್ನು ಹೇಳಿ, ಒಬ್ಬ ಗಿರಾಕಿಯ ಜಾಗದಲ್ಲಿ ಹತ್ತು ಗಿರಾಕಿಗಳು ಎಂಬ ಭಾಷೆ ಅವರಿಗೆ ಬೇಗ ಹತ್ತುತ್ತದೆ. ಒಂದರ ಮೇಲೊಂದು ಎತ್ತಿಡುವ ಎರಡು ಅಂತಸ್ತಿನ ಸ್ಟ್ಯಾಂಡು ನಿಮ್ಮ ಬೀದಿಗೆ ಬೇಡ. ಹತ್ತು ನಿಮಿಷಕ್ಕೆ ಬಂದವರು ಸೈಕಲ್ಲನ್ನು ಮೇಲಕ್ಕೆ ಎಳೆಯುವುದಿಲ್ಲ, ಮೋಟಾರಿರುವ ಸೈಕಲ್ಲಾದರೆ ಎಳೆಯಲಾಗುವುದೂ ಇಲ್ಲ.

ನೆಲಕ್ಕೆ ಹೇಗೆ ಸೇರಿಸುತ್ತಾರೆ ಎಂಬುದನ್ನು ಸಮಿತಿಗಳು ಕೇಳುವುದೇ ಇಲ್ಲ. ಕೊಳವೆಯ ಕಾಲುಗಳನ್ನು ಕಾಂಕ್ರೀಟಿನೊಳಗೆ ಇಳಿಸಿ ಹಾಕಿದರೆ ಉತ್ತಮ. ತಟ್ಟೆಯಿಟ್ಟು ಬೋಲ್ಟು ಹಾಕುವುದಾದರೆ ಬಿಗಿ ಮಾಡಿದ ಮೇಲೆ ತಲೆ ಮುರಿದುಹೋಗುವ ಬಗೆಯ ನಟ್ಟನ್ನೇ ಹಾಕಿಸಿ. ಇಲ್ಲದಿದ್ದರೆ ಒಂದು ಸ್ಪ್ಯಾನರ್ ಹಿಡಿದವನು ಸ್ಟ್ಯಾಂಡನ್ನೇ ಎತ್ತಿ ಎರಡು ಸೈಕಲ್ ಬಿಡಿಸಿಕೊಳ್ಳುತ್ತಾನೆ.

ಜಾಗ ಎಲ್ಲಿ ಎಂಬುದು ಇದೆಲ್ಲಕ್ಕಿಂತ ದೊಡ್ಡದು. ನನ್ನದೇ ಒಂದು ಮುಖಭಂಗದ ಕಥೆ ಹೇಳುತ್ತೇನೆ. ಒಂದು ಕಚೇರಿ ಸಂಕೀರ್ಣಕ್ಕೆ ಕಟ್ಟಡದ ಹಿಂದೆ, ಮೇಲೆ ಚಾವಣಿ ಹಾಕಿ, ಇಪ್ಪತ್ತು ಸ್ಟ್ಯಾಂಡುಗಳ ಸುಂದರ ನಿಲುಗಡೆ ಮಾಡಿಸಿದೆ. ತಿಂಗಳು ಬಿಟ್ಟು ಹೋಗಿ ನೋಡಿದರೆ ಅಲ್ಲಿ ಒಂದೇ ಒಂದು ಸೈಕಲ್, ಅದೂ ಚಕ್ರವಿಲ್ಲದ್ದು. ಮುಂಬಾಗಿಲ ಮೆಟ್ಟಿಲ ಕಂಬಿಗೆ ಹದಿನಾಲ್ಕು ಕಟ್ಟಿದ್ದವು. ಜನರಿಗೆ ಹಿಂದಿನ ಜಾಗ ಗೊತ್ತಿತ್ತು. ಅಲ್ಲಿ ಕಸದ ತೊಟ್ಟಿಗಳು, ಯಂತ್ರಗಳ ಸದ್ದು, ಯಾರ ಓಡಾಟವೂ ಇಲ್ಲ. ತಮ್ಮ ಸೈಕಲ್ಲನ್ನು ಯಾರು ಕದಿಯಬಹುದು ಎಂದು ಅವರು ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದರು. ಕೊನೆಗೆ ಎಂಟು ಸ್ಟ್ಯಾಂಡುಗಳನ್ನು ಕಿತ್ತು ಮುಂದೆ ಹಾಕಿಸಿದೆ, ಚಾವಣಿಯಿಲ್ಲದೆ. ಅವು ಅಂದೇ ತುಂಬಿದವು. ಎಪಿಬಿಪಿಯ ಕೈಪಿಡಿ ಸುಮಾರು ಎರಡು ಗಂಟೆಯೊಳಗಿನ ನಿಲುಗಡೆಗೆ ಬಾಗಿಲಿನಿಂದ 15 ಮೀಟರಿನ ಒಳಗೆ ಎನ್ನುತ್ತದೆ. ಅದನ್ನು ಮೊದಲೇ ಓದಿದ್ದೆ, ಅರ್ಥವಾದದ್ದು ಆ ಮೆಟ್ಟಿಲ ಮುಂದೆ ನಿಂತಾಗ.

ಆದ್ದರಿಂದ ಎರಡು ಕಾರಿನ ಜಾಗ ಒಂದೇ ಕಡೆ ಬೇಡ. ಬೀದಿಯ ಎರಡು ತುದಿಗಳಲ್ಲಿ ಒಂದೊಂದು ಕೇಳಿ. ಅಂಗಡಿಯ ಗಾಜಿನಿಂದ, ಕಾಫಿ ಕುಡಿಯುವವರ ಮೇಜಿನಿಂದ ಕಾಣುವ ಕಡೆ ಇರಲಿ, ಬೀದಿದೀಪದ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಾಟುದಾರಿಯ ಹತ್ತಿರ, ರಸ್ತೆಯ ಮಟ್ಟದಲ್ಲೇ ಹಾಕಿಸಿದರೆ ಪಾದಚಾರಿಗಳ ಜಾಗ ಉಳಿಯುತ್ತದೆ. ಕಾರಿನಂತೆ ಸೈಕಲ್ ನೋಟವನ್ನು ಮರೆಮಾಡುವುದಿಲ್ಲವಾದ್ದರಿಂದ ದಾಟುವ ಮಕ್ಕಳು ಚಾಲಕರಿಗೆ ಕಾಣುತ್ತಾರೆ. ಕಾರುಗಳು ಒಳನುಗ್ಗದಂತೆ ತುದಿಯಲ್ಲಿ ಒಂದು ಗಟ್ಟಿ ಗೂಟ ಇರಬೇಕು. ಬಿಟ್ಟುಹೋದ ಹಾಳು ಸೈಕಲ್ಲುಗಳನ್ನು ತಿಂಗಳಿಗೊಮ್ಮೆ ಚೀಟಿ ಅಂಟಿಸಿ ತೆರವು ಮಾಡುವ ಕೆಲಸ ಯಾರದೆಂದು ಈಗಲೇ ಬರೆಸಿಕೊಳ್ಳಿ. ಸೊರಗಿದ ಸೈಕಲ್ಲುಗಳ ನಡುವೆ ಒಳ್ಳೆಯದನ್ನು ನಿಲ್ಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮುಖ್ಯವಾಗಿ, ಮಾದರಿ ಸ್ಟ್ಯಾಂಡೊಂದನ್ನು ತರಿಸಿ, ಸಮಿತಿಯವರೆಲ್ಲ ತಮ್ಮ ತಮ್ಮ ಸೈಕಲ್ ಮತ್ತು ಬೀಗ ತಂದು ಹಾಕಿ ನೋಡುವವರೆಗೆ ಕಾಂಕ್ರೀಟು ಸುರಿಯಲು ಬಿಡಬೇಡಿ.

ಮನೆಯವರ ಮಾತಿಗೆ ನಾನು ತೀರ್ಪು ಕೊಡಲಾರೆ. ಹೊಸ ಸೈಕಲ್ ಕೊಂಡರೆ ಪೆಡಲ್ ಹಾಯುವ ಅಚ್ಚಿನ ಕೆಳಗೆ ಫ್ರೇಮಿನಲ್ಲಿ ಒತ್ತಿರುವ ಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಳ್ಳಿ, ಸೈಕಲ್ಲಿನ ಜೊತೆ ನಿಮ್ಮದೊಂದು ಫೋಟೊ ತೆಗೆಸಿ. ಜಪಾನಿನಲ್ಲಿ ಸೈಕಲ್ ನೋಂದಣಿ ಕಾನೂನಿನಿಂದಲೇ ಕಡ್ಡಾಯ. ನಿಮ್ಮಲ್ಲಿ ಅಂಥ ವ್ಯವಸ್ಥೆಯಿದ್ದರೆ ಬಳಸಿಕೊಳ್ಳಿ. ವಿಮೆ ಮಾಡಿಸುವುದಾದರೆ ಷರತ್ತನ್ನು ಓದಿ, ಇಂಥ ದರ್ಜೆಯ ಬೀಗ, ಅಲುಗದ ವಸ್ತುವಿಗೆ ಕಟ್ಟಿರಬೇಕು ಎಂದು ಬಹಳ ಪಾಲಿಸಿಗಳು ಹೇಳುತ್ತವೆ. ಬೀಗದ ರಸೀತಿ ಮತ್ತು ಎರಡೂ ಕೀಲಿ ಕೇಳುವವರಿದ್ದಾರೆ. ಜಾಗ ತೋರಿಸುವ ಪುಟ್ಟ ಸಾಧನವನ್ನು ಸೀಟಿನ ಕೆಳಗೆ ಅಡಗಿಸಿಡಬಹುದು. ಅದು ತೋರಿಸಿದ ಮನೆಗೆ ಒಬ್ಬರೇ ಹೋಗಿ ಬಾಗಿಲು ತಟ್ಟಬೇಡಿ, ಪೊಲೀಸರಿಗೆ ತೋರಿಸಿ.

ಇನ್ನು ಆ ಒಂಟಿ ಚಕ್ರ. ಬಿಸಾಡಬೇಡಿ. ಅದರ ಟೈರಿನ ಬದಿಯಲ್ಲಿ 37-622 ಎಂಬಂಥ ಸಂಖ್ಯೆ ಒತ್ತಿರುತ್ತದೆ. ಎರಡನೆಯ ಸಂಖ್ಯೆ ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಮಿಲಿಮೀಟರುಗಳಲ್ಲಿ. ಕೊಳ್ಳುವ ಸೈಕಲ್ಲಿಗೂ ಅದೇ ಸಂಖ್ಯೆಯಿದ್ದು, ಅಚ್ಚಿನ ಅಗಲ ಮತ್ತು ಬ್ರೇಕಿನ ಬಗೆ ಹೊಂದಿದರೆ ಬದಲಿ ಚಕ್ರವಾಗಿ ಇಟ್ಟುಕೊಳ್ಳಬಹುದು. ಹೊಂದದಿದ್ದರೆ ಹತ್ತಿರದ ರಿಪೇರಿಯವರಿಗೆ ಕೊಡಿ. ಮುಂದಿನ ಚಕ್ರ ಕಳೆದುಕೊಂಡು ಅವರಲ್ಲಿಗೆ ಬರುವವರು ಯಾವಾಗಲೂ ಇರುತ್ತಾರೆ. ಕೇಬಲ್ ಬೀಗಕ್ಕೆ ಹೊಸ ಕೆಲಸವಿದೆ: ಯು-ಲಾಕ್ ಫ್ರೇಮನ್ನೂ ಹಿಂದಿನ ಚಕ್ರವನ್ನೂ ಹಿಡಿದಿರುವಾಗ ಮುಂದಿನದನ್ನು ಅದಕ್ಕೆ ಕಟ್ಟಲು ಅದು ಸಾಕು.